ತಾನಾಗೇ ನಿಂತ ಲ್ಯಾಪ್‌ಟಾಪ್

ನಮ್ಮತ್ತೆಗೆ ದೇವರೆಂದರೆ ಭಕ್ತಿ, ಯಂತ್ರವೆಂದರೆ ಅದಕ್ಕಿಂತ ಒಂದು ಕೈ ಹೆಚ್ಚು. ಕಮಲಾಪುರದ ನಮ್ಮ ಮನೆಯಲ್ಲಿ ಖಂಡೇಪೂಜೆಯ ದಿನ ಕುಡುಗೋಲು, ಹೊಲಿಗೆ ಯಂತ್ರ, ಮಿಕ್ಸರ್, ನನ್ನ ಗಂಡನ ಗಾಡಿ, ಎಲ್ಲಕ್ಕೂ ವಿಭೂತಿ ಕುಂಕುಮ ಬೀಳಲೇಬೇಕು. ಆ ವರ್ಷ ಗಾಡಿಯ ಪಕ್ಕದಲ್ಲಿ ನನ್ನ ಹೊಸ ಲ್ಯಾಪ್‌ಟಾಪೂ ಸಾಲಿಗೆ ಕೂತಿತು. ನಾನು ಮುಚ್ಚಿಯೇ ಇಟ್ಟಿದ್ದೆ.

"ಮಾರಿ ಮುಚ್ಚಿಕೊಂಡು ಕುಂತ್ರ ಪೂಜಿ ಹ್ಯಾಂಗ ಮುಟ್ಟತದ? ತೆರಿ," ಅಂದರು ಅತ್ತೆ.

ತೆರೆದಿಟ್ಟು ಹೋಳಿಗೆ ನೋಡಲು ಒಳಗೆ ಹೋದೆ. ಬರುವಷ್ಟರಲ್ಲಿ ಅವರು ಕಾಯಿ ಒಡೆದು, ಗಾಡಿಯ ಗಾಲಿಗೆ ಹಾಕುವ ಹಾಗೆಯೇ ಅದರ ನೀರನ್ನು ಎಲ್ಲದರ ಮೇಲೂ ಧಾರಾಳವಾಗಿ ಹಾಕಿಬಿಟ್ಟಿದ್ದರು. ಬಾಯಿ ಬಿಡದೆ ಸೆರಗಿನಿಂದ ಒರೆಸಿದೆ. ಮರುದಿನ ಲ್ಯಾಪ್‌ಟಾಪ್ ಏಳಲಿಲ್ಲ. ಗುಂಡಿಗಳು ಪಾಕ ಬಿದ್ದಂತೆ ಅಂಟಂಟಾಗಿದ್ದವು. ನಾನು ಮನೆಯಲ್ಲೇ ಕೂತು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿದ್ದುದು ಅದರಲ್ಲೇ.

"ಅವ್ವಗ ಹೇಳಬ್ಯಾಡ, ಭಾಳ ನೊಂದ್ಕೋತಾಳ," ಅಂದರು ನಮ್ಮನೆಯವರು. "ತಾನಾಗೇ ನಿಂತದ ಅನ್ನು. ಅಂಗಡ್ಯಾಗೂ ಹಂಗೇ ಅನ್ನು. ವಾರಂಟಿ ಅದ, ರಿಪೇರಿ ಮಾಡಿ ಕೊಡ್ತಾರ."

ಒಂದೇ ಸುಳ್ಳು ಮನೆಗೂ ಆಯಿತು, ಅಂಗಡಿಗೂ ಆಯಿತು. ನನ್ನ ಬುದ್ಧಿಯೂ ಅವರದಕ್ಕಿಂತ ದೊಡ್ಡದೇನಲ್ಲ, ತಲೆಯಾಡಿಸಿದೆ.

ಅತ್ತೆ ಕೇಳಿದವರೇ ಬೆಳ್ಳಗಾದರು. "ಪೂಜಿ ಆದ ಮರುದಿನ ತಾನಾಗೇ ನಿಂತತಾ?" ಅಂದರು. ಪೂಜೆ ಮಾಡಿದ ಸಾಮಾನು ಸುಮ್ಮಸುಮ್ಮನೆ ನಿಲ್ಲುವುದಿಲ್ಲ, ಮನೆಗೆ ಏನೋ ಬರುವುದಿದೆ ಎಂದು ಅವರ ಲೆಕ್ಕ. ಪೂಜೆಯಲ್ಲಿ ಅದರ ಪಕ್ಕದಲ್ಲೇ ನಿಂತಿದ್ದದ್ದು ಮಗನ ಗಾಡಿ. ಅದರ ಮೇಲೆಯೇ ನಮ್ಮನೆಯವರು ದಿನಾ ಕಪನೂರಿನ ಕಾರ್ಖಾನೆಗೆ ಹೋಗಿಬರುತ್ತಾರೆ.

ಅವತ್ತಿನಿಂದ ಮನೆಯಲ್ಲಿ ಭಯ ಬಂದು ಕೂತಿತು. ಮಗನ ಕೈಗೆ ಕರಿದಾರ ಬಂತು. ಗಾಡಿಯ ಕೀಲಿ ಅತ್ತೆಯ ಸೊಂಟಕ್ಕೆ ಹೋಯಿತು, ಇವರು ಬಸ್ಸು ಹಿಡಿದರು. ಸಂಜೆಯಾದರೆ ಅತ್ತೆ ಬಾಗಿಲಲ್ಲಿ. ಮಗ ಬರುವ ತನಕ ರೊಟ್ಟಿ ಮುಟ್ಟುತ್ತಿರಲಿಲ್ಲ, ಬಂದ ಮೇಲೂ ಅರ್ಧ ತಿಂದು ಏಳುತ್ತಿದ್ದರು. ನಿಜ ಗೊತ್ತಿದ್ದವಳು ನಾನು. ಆದರೂ ಇವರ ಬಸ್ಸು ತಡವಾದರೆ ನಾನೂ ಬಾಗಿಲಿಗೆ ಬಂದು ನಿಲ್ಲತೊಡಗಿದೆ. ನಾನೇ ಹೇಳಿದ ಸುಳ್ಳಿಗೆ ನಾನೇ ಹೆದರುತ್ತಿದ್ದೆ. ಹೇಳಿಬಿಡೋಣ ಎಂದು ಬಾಯಿ ತೆರೆದರೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದರೆ ಏನು ಹೇಳಲಿ ಎಂದು ಮತ್ತೆ ಮುಚ್ಚುತ್ತಿದ್ದೆ.

ಕಲಬುರಗಿಯ ಸರ್ವಿಸ್ ಸೆಂಟರಿಗೆ ಹೊರಟ ದಿನ ಅತ್ತೆಯೂ ಸೀರೆ ಬದಲಿಸಿ ನಿಂತರು. "ಬಿಚ್ಚಿ ನೋಡಿದವರ ಬಾಯಿಂದಲೇ ಕೇಳ್ತೀನಿ, ಯಾಕ ನಿಂತದಂತ." ಅದೇ ದಿನ ಬಸ್ಸು ತಪ್ಪಿ, ಇವರು ಅವ್ವನನ್ನು ಕಾಡಿ ಬೇಡಿ ಕೀಲಿ ಪಡೆದು ಗಾಡಿ ಮೇಲೆ ಹೋಗಿದ್ದರು. ದಾರಿಯುದ್ದಕ್ಕೂ ಅತ್ತೆ ಫೋನ್ ಮಾಡಿಸಿದರು. ಇವರು ಎತ್ತಲಿಲ್ಲ. ಯಂತ್ರಗಳ ಗದ್ದಲದಲ್ಲಿ ಕೇಳಿಸುವುದಿಲ್ಲವೆಂದು ಸಮಾಧಾನ ಹೇಳಿದೆ. ಹೇಳುವಾಗ ನನ್ನ ದನಿಯೇ ನನಗೆ ಹಿಡಿಸಲಿಲ್ಲ.

ಸೂಪರ್ ಮಾರ್ಕೆಟ್ ಬಜಾರಿನ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು ಆ ಸೆಂಟರ್. ಕೌಂಟರಿನಲ್ಲಿದ್ದ ಹೆಣ್ಣುಮಗಳು ಲ್ಯಾಪ್‌ಟಾಪ್ ತಿರುಗಿಸಿ ನೋಡಿದಳು.

"ನೀರು, ಚಹಾ ಏನರ ಬಿದ್ದದೇನ್ರೀ? ಮೊದ್ಲೇ ಹೇಳ್ರಿ ಮೇಡಂ. ಬಿದ್ದಿದ್ರ ವಾರಂಟಿ ಬರಂಗಿಲ್ಲ."

ಬಸ್ಸಿನಲ್ಲಿ ಕಂಠಪಾಠ ಮಾಡಿದ್ದ ಮಾತು ಹೊರಬೀಳುವ ಮೊದಲೇ ಅತ್ತೆ ಮುಂದೆ ಬಾಗಿದರು.

"ಏನೂ ಬಿದ್ದಿಲ್ಲವ್ವಾ. ತಾನಾಗೇ ನಿಂತದ, ಪೂಜಿ ಮಾಡಿದ ಮರುದಿನ. ಹಂಗ್ಯಾಕ ಆಗ್ತದ? ನೀ ದಿನಾ ಇವನ್ನೇ ನೋಡಾಕಿ, ಖರೇ ಹೇಳು."

ಅವರ ಕೈ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿತ್ತು. ನನ್ನ ಸುಳ್ಳನ್ನು ಅವರು ನನಗಿಂತ ಚೆನ್ನಾಗಿ ಹೇಳಿಬಿಟ್ಟಿದ್ದರು. ನಾನು ಸುಮ್ಮನಿದ್ದರೆ ಸಾಕಿತ್ತು, ವಾರಂಟಿ ಉಳಿಯುತ್ತಿತ್ತೇನೋ. ಆ ಹಿಡಿತವನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

"ನೀರು ಬಿದ್ದದ್ರೀ," ಅಂದೆ. "ಟೆಂಗಿನ ನೀರು. ಪೂಜಾದಾಗ."

ಹುಡುಗಿ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. "ಹಂಗಾದ್ರ ವಾರಂಟಿದಾಗ ಆಗಂಗಿಲ್ರೀ, ರೊಕ್ಕ ಕೊಟ್ಟು ಮಾಡಿಸ್ಬೇಕಾಗ್ತದ," ಎಂದಳು. ಅದು ನನಗೆ ಗೊತ್ತಿದ್ದದ್ದೇ. ನಾನು ನೋಡುತ್ತಿದ್ದದ್ದು ಅತ್ತೆಯ ಮುಖ. ಈಗ ಅಳುತ್ತಾರೆ, ಇಲ್ಲವೇ ಈ ಹುಡುಗಿಯ ಮುಂದೆಯೇ ನನ್ನ ಮಾನ ಕಳೆಯುತ್ತಾರೆ ಎಂದುಕೊಂಡೆ.

"ಅಂದ್ರ ನಾ ಹಾಕಿದ ನೀರಿಗೇ ಕೆಟ್ಟದ?"

"ಹೌದ್ರೀ ಅತ್ತಿ."

"ಬ್ಯಾರೆ ಏನೂ ಇಲ್ಲ?"

"ಬ್ಯಾರೆ ಏನೂ ಇಲ್ರೀ."

ಅವರು ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರು. ಬಹಳ ಹೊತ್ತು ಸೆರಗಿನಿಂದ ಮುಖ ಒರೆಸಿಕೊಂಡರು. "ಮೊದ್ಲೇ ಹೇಳಬಾರದಾ ಯವ್ವಾ," ಎಂದರು, ಅಷ್ಟೇ. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಫೋನ್ ಬಂತು. ಇವರೇ. ಅತ್ತೆ ನನ್ನ ಕೈಯಿಂದ ಕಸಿದುಕೊಂಡರು.

"ಕೇಳಿಲ್ಲಿ, ಲ್ಯಾಪ್‌ಟಾಪ್ ಕೆಡಿಸಿದಾಕಿ ನಾನೇ ಅಂತ," ಎಂದರು, ಮಗ ಪಾಸಾದ ಸುದ್ದಿ ಹೇಳುವ ದನಿಯಲ್ಲಿ. "ನನ್ನ ನೀರಿಗೇ ಕೆಟ್ಟದ, ಬ್ಯಾರೆ ಏನೂ ಅಲ್ಲಂತ. ಸಂಜಿಗೆ ಗಾಡಿ ಮ್ಯಾಲೇ ಬಾ. ನಾವೀಗ ಊಟಕ್ಕ ಹೊಂಟೀವಿ, ನನಗ ಭಾಳ ಹಸಿವ್ಯಾಗ್ಯದ."