ಬಿಸಿಲಿದ್ದೂ ಕರೆಂಟಿಲ್ಲದ ಮಧ್ಯಾಹ್ನ

ರಾಯಚೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಕೂಡಿಸಿದ್ದು ಈ ವರ್ಷ ಯುಗಾದಿಯ ಮುಂಚೆ. ಅಂದಿನಿಂದ ದಿನಾ ಸಂಜೆ ಎಷ್ಟು ಯೂನಿಟ್ ಆಯಿತೆಂದು ತಾರೀಖು ಹಾಕಿ ಡೈರಿಯಲ್ಲಿ ಬರೆಯುತ್ತೇನೆ. ಬರೆದು ಸುಮ್ಮನಿರಬೇಕಿತ್ತು. ಓಣಿಯಲ್ಲಿ ಕಂಡವರಿಗೆಲ್ಲ ಓದಿ ಹೇಳುತ್ತಿದ್ದೆ. ಮುಂದೆ ಎಲ್ಲ ಮಾಳಿಗೆಗಳ ಮೇಲೂ ಇವು ಬಂದರೆ ಊರು ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿ ತೋರಿಸುತ್ತಿದ್ದೆ.

ಪೂರ್ತಿ ಕೇಳುತ್ತಿದ್ದವರು ಎದುರು ಮನೆಯ ಚಾಚಿ ಒಬ್ಬರೇ. ಅವರ ಅತ್ತೆಗೆ ದಮ್ಮು. ಔಷಧಿಯನ್ನು ಆವಿ ಮಾಡಿ ಕೊಡುವ ಮಷೀನು ಮನೆಯಲ್ಲೇ ಇತ್ತು. ಕರೆಂಟ್ ಹೋದಾಗ ಅದನ್ನು ನಡೆಸುವ ಇನ್ವರ್ಟರಿನ ಬ್ಯಾಟರಿ ಕೆಟ್ಟಿತ್ತು, ಹೊಸದು ತರುವವರಿದ್ದರು.

"ಹೊಸದ್ಯಾಕ ಚಾಚಿ? ಕರೆಂಟ್ ಹೋದ್ರ ನಮ್ಮನಿಗಿ ಬರ್ರಿ. ನಮ್ದು ಸೂರ್ಯನ ಕರೆಂಟ್," ಎಂದೆ.

"ನೋಡವಾ, ನಿನ್ನ ಮಾತಿನ ಮ್ಯಾಲ ತರೂದು ಬಿಡ್ತೀನಿ."

ದೇವದುರ್ಗದಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಸಣ್ಣ ಸೋಲಾರ್ ದೀಪವಿದೆ. ಕರೆಂಟ್ ಹೋದರೂ ಉರಿಯುತ್ತದೆ. ಅಷ್ಟು ಸಣ್ಣದೇ ಉರಿದರೆ ನಮ್ಮದು ನಡೆಯದೇ ಎಂದುಕೊಂಡಿದ್ದೆ, ಯಾರನ್ನೂ ಕೇಳಿರಲಿಲ್ಲ. ಹಗಲು ನಾನು ಯರಗೇರಾದ ಯೂನಿವರ್ಸಿಟಿ ಕ್ಲಾಸಿನಲ್ಲಿ, ಅಪ್ಪ ಅವ್ವ ಕೆಲಸದಲ್ಲಿ. ಕರೆಂಟ್ ಹೋಗಿ ಬಂದದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಕಣ್ಣು ಬಿಡಲಾಗದ ಬಿಸಿಲು. ಚಾಚಿ ಒಂದು ಕೈಯಲ್ಲಿ ಅತ್ತೆಯನ್ನೂ ಇನ್ನೊಂದರಲ್ಲಿ ಮಷೀನನ್ನೂ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬಂದರು. ಅಜ್ಜಿಯ ಎದೆ ಸಿಳ್ಳೆ ಹೊಡೆಯುತ್ತಿತ್ತು. ಪ್ಲಗ್ ಚುಚ್ಚಿ ಸ್ವಿಚ್ ಹಾಕಿದೆ. ಏನೂ ಆಗಲಿಲ್ಲ. ಅಡುಗೆಮನೆಯಲ್ಲೂ ಚುಚ್ಚಿ ನೋಡಿದೆ.

ಪ್ಯಾನೆಲ್ ಕೂಡಿಸಿದವನಿಗೆ ಫೋನ್ ಹಚ್ಚಿದೆ. ಅವನು ಮಾನ್ವಿಯಲ್ಲಿ ಯಾರದೋ ಮಾಳಿಗೆಯ ಮೇಲಿದ್ದ.

"ಲೈನ್ ಹೋದ್ರ ಅದೂ ಬಂದ್ ಆಗ್ತದ್ರೀ. ಇಲ್ಲಂದ್ರ ನಿಮ್ಮ ಕರೆಂಟ್ ಕಂಬಕ್ಕ ಹೋಗಿ ರಿಪೇರಿ ಮಾಡೋನಿಗಿ ಹೊಡೀತದ. ನಿಮ್ಮದ್ರಾಗ ಬ್ಯಾಟರಿ ಇಲ್ಲಲ್ರೀ."

ಚಾಚಿಗೂ ಕೇಳಿಸಿತು. ಅವರು ನನ್ನತ್ತ ನೋಡಲಿಲ್ಲ, ಅತ್ತೆಯ ಬೆನ್ನು ಸವರುತ್ತಿದ್ದರು. ಅವ್ವ ಓಡಿಹೋಗಿ ಆಟೊ ತಂದಳು. ನಾನು ಪ್ಲಗ್ ಕಿತ್ತು ಮಷೀನನ್ನು ಎತ್ತಿಕೊಂಡು ನಿಂತಿದ್ದೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಸೊಸೆಗೆ ದಖ್ನಿ ಉರ್ದುವಿನಲ್ಲಿ ಏನೋ ಅಂದರು. ಚಾಚಿ ನಕ್ಕುಬಿಟ್ಟರು.

"ಇವರ ಸೂರ್ಯಗ ಐತಾರ ಸೂಟಿ ಏನು, ಅಂತ ಕೇಳಾಕತ್ತಾರ."

ಅವ್ವನೂ ನಕ್ಕಳು. ನಾನು ನೆಲ ನೋಡುತ್ತಿದ್ದೆ.

ಮರುದಿನವೇ ಚಾಚಿಯ ಮನೆಗೆ ಹೊಸ ಬ್ಯಾಟರಿ ಬಂತು. ನಾನೀಗ ಯೂನಿಟ್ಟಿನ ಪಕ್ಕದಲ್ಲಿ ಕರೆಂಟ್ ಹೋದ ಹೊತ್ತನ್ನೂ ಬರೆಯುತ್ತೇನೆ, ಯಾರಿಗೂ ಓದಿ ಹೇಳುವುದಿಲ್ಲ. ಕರೆಂಟ್ ಹೋದರೆ ಚಾಚಿ ಬಾಗಿಲಿಗೆ ಬಂದು ಕೂಗುತ್ತಾರೆ: "ಬಾರವಾ, ಫೋನ್ ಚಾರ್ಜಿಗಿ ಹಾಕ್ಕೊ ಬಾ."

"ಫುಲ್ ಅದ ಚಾಚಿ," ಎನ್ನುತ್ತೇನೆ, ಆಗಲೇ ಆಫ್ ಆದ ಫೋನನ್ನು ಕೈಯಲ್ಲಿ ಹಿಡಿದುಕೊಂಡು.