ಚಿಕ್ಕಬೀರಮ್ಮನ ಒಂದು ಎಕರೆ

ನಾನು ಎಚ್.ಡಿ. ಕೋಟೆಯಲ್ಲಿ ವಿಮೆ ಏಜೆಂಟ್. ನನ್ನ ಬೈಕಿನ ಸದ್ದು ಕೇಳಿದರೆ ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳುವವರೇ ಹೆಚ್ಚು. ಎದುರಿಗೆ ಬಂದು ಕಂತಿನ ದುಡ್ಡು ಕೊಟ್ಟು, ರಸೀದಿ ಕೈಗೆ ಬರುವವರೆಗೆ ನನ್ನನ್ನು ಕದಲಗೊಡದವಳೆಂದರೆ ಅಂತರಸಂತೆ ಪಕ್ಕದ ಹಳ್ಳಿಯ ಚಿಕ್ಕಬೀರಮ್ಮ ಒಬ್ಬಳೇ. ನಾನು ಮೆಚ್ಚುವ ಮನುಷ್ಯರು ಕಡಿಮೆ. ಈಕೆಯನ್ನು ಮೆಚ್ಚಿದ್ದೇನೆ.

ಹದಿನೈದಕ್ಕೇ ಕೂಲಿಗೆ ಇಳಿದವಳು. ಬಾವಲಿ ದಾಟಿ ವಯನಾಡಿನಲ್ಲಿ ಮೆಣಸು ಕುಯ್ದಳು. ಆಮೇಲೆ ಕೇರಳದವರು ನಮ್ಮ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕತೊಡಗಿದಾಗ ಹೆಂಗಸರ ಗುಂಪು ಕಟ್ಟಿದಳು. ನಾಳೆ ಆಳು ತರುತ್ತೇನೆ ಎಂದರೆ ತಂದೇ ತಂದಳು. ಕೂಲಿ ಹಿಡಿದುಕೊಂಡವನನ್ನು ಮಲಯಾಳದಲ್ಲೇ ಬೈದು ಈಸಿಕೊಂಡಳು. ಗಂಡ ಹೋದ ಮೇಲೆ ಆ ದುಡಿಮೆಯಲ್ಲೇ ಒಂದು ಎಕರೆ ಖುಷ್ಕಿ ಜಮೀನು ಕೊಂಡು, ಪಹಣಿಯನ್ನು ತನ್ನ ಹೆಸರಿಗೇ ಮಾಡಿಸಿಕೊಂಡಳು.

ಅವಳ ಗುಂಪಿನ ಸುನಂದಮ್ಮನ ಗಂಡ ದೊಡ್ಡಮಾದಯ್ಯ ಹೋದ ವರ್ಷ ಎದೆನೋವು ಬಂದು ತೀರಿಕೊಂಡ. ನನ್ನ ಕೈಯಲ್ಲೇ ಪಾಲಿಸಿ ಮಾಡಿಸಿದ್ದ, ಒಂದು ಕಂತೂ ತಪ್ಪಿಸಿರಲಿಲ್ಲ. ಮಗಳು ಗೌತಮಿ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ವಿಮೆ ದುಡ್ಡು ಬಂದರೆ ಓದು, ಇಲ್ಲದಿದ್ದರೆ ತಾಯಿಯ ಜೊತೆ ಶುಂಠಿ ಹೊಲ. ನಾನು ಹೋಗಿ ಪಾಲಿಸಿ ಪತ್ರ ಕೇಳಿದಾಗ ವಿಷಯ ಹೊರಬಿತ್ತು. ದೊಡ್ಡಮಾದಯ್ಯ ಅದನ್ನು ಮಡಿಸಿ ತನ್ನ ಎಲೆಅಡಿಕೆ ಸಂಚಿಯಲ್ಲಿ ಇಟ್ಟುಕೊಂಡಿದ್ದ. ಸತ್ತವನ ಸಂಚಿಯನ್ನು ಅವನ ಜೊತೆಗೇ ಗುಂಡಿಗೆ ಇಡುವುದು ಅವರ ಮನೆತನದ ಪದ್ಧತಿ. ದುಃಖದಲ್ಲಿ ಒಳಗೆ ಏನಿದೆ ಎಂದು ಯಾರು ನೋಡುತ್ತಾರೆ? ಹಾಗೇ ಇಟ್ಟು ಮಣ್ಣು ಮುಚ್ಚಿದ್ದರು.

ಗುಂಡಿ ಅಗೆದು ತೆಗೆದರಾಯಿತು ಎಂದ ದೊಡ್ಡಮಾದಯ್ಯನ ಅಣ್ಣ. ಗೋಡೆಗೆ ಒರಗಿ ಕೂತಿದ್ದ ಸುನಂದಮ್ಮ ಎದ್ದು ಒಳಗೆ ಹೋಗಿಬಿಟ್ಟಳು. ಅಲ್ಲೇ ಕೂತಿದ್ದ ಚಿಕ್ಕಬೀರಮ್ಮ ನನ್ನ ಕಡೆ ತಿರುಗಿದಳು.

"ಮಣ್ಣು ಕೊಟ್ಟಾಯ್ತು. ಒಂದು ಕಾಗ್ದಕ್ಕೆ ಆ ಮನ್ಸನ್ನ ಎಬ್ಬುಸ್ಬೇಕಾ? ಬ್ಯಾರೆ ದಾರಿ ಏಳಪ್ಪ ಸುನೀಲ."

ದಾರಿ ಇತ್ತು. ಪಾಲಿಸಿ ಪತ್ರ ಕಳೆದಿದೆ, ನಾಳೆ ಬೇರೆ ಯಾರಾದರೂ ಅದನ್ನು ಹಿಡಿದು ದುಡ್ಡು ಕೇಳಿದರೆ ಕಂಪನಿಗಾಗುವ ನಷ್ಟವನ್ನು ನಾವು ತುಂಬಿಕೊಡುತ್ತೇವೆ ಎಂದು ಛಾಪಾ ಕಾಗದದ ಮೇಲೆ ಬರೆದುಕೊಡಬೇಕು. ಜೊತೆಗೆ ಸ್ವಂತ ಆಸ್ತಿ ಇರುವ ಒಬ್ಬರು ಜಾಮೀನು ನಿಲ್ಲಬೇಕು. ಏಜೆಂಟ್ ನಿಲ್ಲುವ ಹಾಗಿಲ್ಲ. ನಾನು ಇಷ್ಟು ಹೇಳಿದ್ದೇ ತಡ, ಸುತ್ತ ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಎದ್ದರು. ಒಬ್ಬನಿಗೆ ಹಸು ಕಟ್ಟುವುದಿತ್ತು. ಇನ್ನೊಬ್ಬನ ಪಹಣಿ ಇನ್ನೂ ತಾತನ ಹೆಸರಿನಲ್ಲಿತ್ತು. ಒಡಹುಟ್ಟಿದ ಅಣ್ಣನೇ, ತಮ್ಮ ಆ ಪಾಲಿಸಿಯನ್ನು ಮೊದಲೇ ಎಲ್ಲಾದರೂ ಅಡ ಇಟ್ಟಿದ್ದರೆ ಯಾರು ಹೊಣೆ ಎಂದ. ತಿಥಿಯ ದಿನ ಮೊದಲ ಪಂಕ್ತಿಯಲ್ಲಿ ಕೂತು ಉಂಡವರು ಇವರೇ. ಊಟಕ್ಕೆ ಮುಂದು, ದಂಡಿಗೆ ಹಿಂದು. ನನಗೆ ಮೈಯೆಲ್ಲ ಉರಿಯಿತು.

ಚಿಕ್ಕಬೀರಮ್ಮ ಮನೆಗೆ ಹೋಗಿ ತನ್ನ ಪಹಣಿ ತಂದಳು. ಹಿಂದೆಯೇ ಅವಳ ಮಗ ಯತೀಶ್ ಓಡಿಬಂದ. ಇರುವುದು ಒಂದೇ ಎಕರೆ, ಅದನ್ನೂ ಕಂಡವರ ಮನೆಗೆ ಧಾರೆ ಎರೆಯುತ್ತೀಯಾ ಎಂದು ಕೂಗಾಡಿದ. ಅವನ ಭಯದಲ್ಲೂ ನ್ಯಾಯವಿತ್ತು. ಆಕೆ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಸಂಚಿ ಗುಂಡಿಗೆ ಹೋದದ್ದನ್ನು ನಿಂತು ನೋಡಿದವಳು ತಾನು, ನೋಡಿದ್ದನ್ನು ಹೇಳಲು ಹೆದರುವುದಿಲ್ಲ ಎಂದಳು. ಮಾರನೆಯ ದಿನ ಮೊದಲ ಬಸ್ಸಿಗೆ ಸುನಂದಮ್ಮನನ್ನು ಹೊರಡಿಸಿಕೊಂಡು ಹುಣಸೂರಿನ ನಮ್ಮ ಶಾಖೆಗೆ ಬಂದಳು.

ಮ್ಯಾನೇಜರ್ ಸುಕನ್ಯ ಮೇಡಂ ಒಳ್ಳೆಯವರು. ಪಹಣಿ ನೋಡಿ, ಜಾಮೀನು ಎಂದರೆ ಏನೆಂದು ಬಿಡಿಸಿ ಹೇಳಿದರು. ಏನಾದರೂ ಹೆಚ್ಚುಕಮ್ಮಿಯಾದರೆ ಈ ಜಮೀನಿನ ಮೇಲೇ ಬರುತ್ತದೆ, ಮನೆಯಲ್ಲಿ ಗಂಡಸರನ್ನು ಕೇಳಿದ್ದೀರಾ ಎಂದರು. ಸುನಂದಮ್ಮ ತಲೆ ತಗ್ಗಿಸಿದಳು. ಚಿಕ್ಕಬೀರಮ್ಮ ಅವಳ ಕೈ ಹಿಡಿದುಕೊಂಡೇ ಉತ್ತರ ಕೊಟ್ಟಳು.

"ಈ ಒಂದೆಕ್ರೆ ತಕಂಡಾಗ ಊರೋರೆಲ್ಲ ನಗಾಡುದ್ರು ಕಣವ್ವ. ಎಂಗ್ಸು, ಜಮೀನು ತಕಂಡು ಏನ್ಮಾಡೀಯೆ ಅಂದ್ರು. ಏನ್ಮಾಡ್ಬೇಕು ಅಂತ ನಂಗೂ ಸರ್ಯಾಗಿ ಗೊತ್ತಿರ್ನಿಲ್ಲ. ಇವತ್ತು ಗೊತ್ತಾಯ್ತು. ಎಲ್ಲಿ ಸೈನ್ ಆಕ್ಬೇಕು ತೋರ್ಸವ್ವ."

ಮೇಡಂ ಕುರ್ಚಿಯಿಂದ ಎದ್ದು ಬಂದು ಜಾಗ ತೋರಿಸಿದರು. ಪಕ್ಕದಲ್ಲಿ ನಿಂತಿದ್ದ ನನಗೆ, ಬೇರೆಯವರ ಮನೆ ಬಾಗಿಲು ತಟ್ಟುವ ನನ್ನ ಕೆಲಸದ ಮೇಲೂ ಅವತ್ತು ಹೆಮ್ಮೆ ಬಂತು. ಮುಂದಿನ ತಿಂಗಳು ದುಡ್ಡು ಸುನಂದಮ್ಮನ ಖಾತೆಗೆ ಬಿತ್ತು. ಗೌತಮಿ ಪರೀಕ್ಷೆ ಬರೆದಳು.