ಒಂದು ಗ್ರಾಂ ಬೋರಮಾಳ

ಹೊಸ ಕನ್ನಡಕ ಎಲ್ಲೋ ಕೈತಪ್ಪಿತ್ತು. ಹಳೆಯದನ್ನಾದರೂ ಹಾಕಿಕೊಳ್ಳೋಣವೆಂದು ಮೊನ್ನೆ ಬೀರುವಿನ ಕೆಳಗಿನ ಖಾನೆ ಕೆದಕಿದೆ. ಕಪ್ಪು ರೆಕ್ಸಿನ್ ಡಬ್ಬಿ ಸಿಕ್ಕಿತು. ತೆರೆದರೆ ಒಳಗೆ ಕನ್ನಡಕವಿಲ್ಲ, ಕಡಲೆಕಾಳಿನಷ್ಟು ದಪ್ಪದ ಒಂದು ಗುಂಡು ಉರುಳಿ ಮೂಲೆಗೆ ಬಂದು ನಿಂತಿತು. ಒಂದು ಮಗ್ಗುಲಲ್ಲಿ ಇನ್ನೂ ಹಳದಿ ಹೊಳಪು, ಇನ್ನೊಂದು ಮಗ್ಗುಲಲ್ಲಿ ಹಸಿರು ಕಿಲುಬು. ಮೂಗಿನ ಹತ್ತಿರ ಹಿಡಿದೆ. ಹಿತ್ತಾಳೆ ವಾಸನೆ. ಮೂವತ್ತು ವರ್ಷ ಪೀಣ್ಯದಲ್ಲಿ ಲೋಹಕ್ಕೆ ಲೇಪನ ಹಾಕುವ ಪ್ಲೇಟಿಂಗ್ ಶೆಡ್ಡಿನಲ್ಲಿ ದುಡಿದ ಮೂಗು ಇದು, ಬೇರೆ ಏನು ಮರೆತರೂ ಈ ವಾಸನೆಯನ್ನು ಮರೆಯುವುದಿಲ್ಲ. ಆ ಗುಂಡನ್ನು ಅಲ್ಲಿ ಇಟ್ಟವನು ನಾನೇ. ಯಾರಿಗೂ ಕಾಣದಂತೆ ಇಟ್ಟು, ಎಲ್ಲಿಟ್ಟೆನೆಂಬುದನ್ನೂ ಮರೆತಿದ್ದೆ… ಮರೆತಿದ್ದೆ ಎನ್ನುವುದು ಪೂರ್ತಿ ನಿಜವಲ್ಲ.

ಅದು ರೊಟ್ಟಿ ಅಕ್ಕನ ಬೋರಮಾಳದ ಗುಂಡು.

ಆಗ ನಾವು ಮಾಕಳಿಯ ಒಂದು ವಠಾರದಲ್ಲಿದ್ದೆವು. ಊರಿನ ಗೌಡರೊಬ್ಬರು ತಮ್ಮ ರಾಗಿ ಹೊಲದ ತುದಿಯಲ್ಲಿ ಆರು ಶೀಟಿನ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ನಮ್ಮದು ಮೂರನೆಯದು, ಪಕ್ಕದ್ದರಲ್ಲಿ ಆಕೆ. ರಾಯಚೂರಿನ ಕಡೆಯವಳು. ಗಂಡ ಕಂಬಿ ಕಟ್ಟುವ ಕೆಲಸದವನು. ಹೂಡಿಯ ಹತ್ತಿರ ಯಾವುದೋ ಅಪಾರ್ಟ್‌ಮೆಂಟಿನ ಸೈಟಿನಲ್ಲೇ ಮಲಗುತ್ತಿದ್ದ, ಎರಡು ವಾರಕ್ಕೊಮ್ಮೆ ಭಾನುವಾರ ಮನೆಗೆ ಬರುತ್ತಿದ್ದ. ಈಕೆ ಜೋಳದ ರೊಟ್ಟಿ ಬಡಿದು, ಸುತ್ತಲಿನ ರೂಮುಗಳಲ್ಲಿದ್ದ ತಮ್ಮ ಕಡೆಯ ಫ್ಯಾಕ್ಟರಿ ಕೆಲಸಗಾರರಿಗೆ ಕೊಡುತ್ತಿದ್ದಳು. ಬೆಳಗ್ಗೆ ಗೋಡೆಯಾಚೆ ಪಟಪಟ ಸದ್ದು ಶುರುವಾದರೆ ನನಗೆ ಗಡಿಯಾರ ಬೇಡ. ಅವಳಿಗಿಂತ ದೊಡ್ಡವರೂ ಅವಳನ್ನು ರೊಟ್ಟಿ ಅಕ್ಕ ಎಂದೇ ಕರೆಯುತ್ತಿದ್ದರು. ಒಬ್ಬಳೇ ಮಗಳು. ಬಿಳಿ ಯೂನಿಫಾರ್ಮು ಹಾಕಿಕೊಂಡು ನರ್ಸಿಂಗ್ ಓದಲು ಹೋಗುತ್ತಿದ್ದಳು.

ನನಗೆ ಆಮೇಲೆ ತಿಳಿದದ್ದನ್ನು ಇಲ್ಲಿ ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕಥೆ ಕಟ್ಟುವ ವಯಸ್ಸು ನನ್ನದಲ್ಲ. ಪಿಯುಸಿ ಮುಗಿದ ಮಗಳನ್ನು ಊರಿನಲ್ಲಿ ಮದುವೆ ಮಾಡಿಬಿಡುವುದೆಂದು ಗಂಡನ ಹಟ. ಹೆಂಡತಿ, ಕಾಲೇಜಿನವರೇ ಬಡಮಕ್ಕಳಿಗೆ ಪುಕ್ಕಟೆ ಓದಿಸುತ್ತಾರಂತೆ ಎಂದು ಸುಳ್ಳು ಹೇಳಿ ಮಗಳನ್ನು ಸೇರಿಸಿದ್ದಳು. ಫೀಜು ಕಟ್ಟಿದ್ದು ತನ್ನ ಕೊರಳಿನ ಬೋರಮಾಳ ಮಾರಿ. ಅದು ಅತ್ತೆ ಹಾಕಿದ ಚಿನ್ನ, ಗುಂಡು ಗುಂಡಾಗಿ ಪೋಣಿಸಿದ ಎರಡೆಳೆಯ ಸರ. ದಾರ ಹರಿದಿದೆ, ಪೋಣಿಸಲು ಕೊಟ್ಟಿದ್ದೇನೆ ಎಂದು ಗಂಡನಿಗೆ ಎಷ್ಟು ಸಲ ಹೇಳಲಾದೀತು? ಹಾಗಾಗಿ ಅಂಥದೇ ಇನ್ನೊಂದು ಬೇಕಾಗಿತ್ತು. ಮಗಳ ಓದು ಮುಗಿಯುವವರೆಗೆ, ಮೂರು ವರ್ಷ, ಅದು ಚಿನ್ನದಂತೆ ಕಂಡರೆ ಸಾಕಿತ್ತು.

ಇದು ನನ್ನ ಹೆಂಡತಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. "ನಿಮ್ಮ ಬಾಯಲ್ಲಿ ನಿಲ್ತಿತ್ತಾ?" ಎಂದು ಆಮೇಲೆ ಅವಳೇ ಕೇಳಿದಳು.

ವಠಾರದಲ್ಲಿ ಕೇಬಲ್ ಇದ್ದದ್ದು ನಮ್ಮ ಮನೆಗೆ ಮಾತ್ರ. ಮೊದಲ ಪಾಳಿ ಮುಗಿಸಿ ಮೂರೂವರೆಗೆ ನಾನು ಮನೆಗೆ ಬಂದರೆ, ನಮ್ಮ ಟೀವಿಯ ಮುಂದೆ ರೊಟ್ಟಿ ಅಕ್ಕ, ಪಕ್ಕದಲ್ಲಿ ನನ್ನ ಹೆಂಡತಿ. ಟೀವಿಯಲ್ಲಿ ಆಭರಣದ ಹರಾಜು. ದಿನಾ ಅದೇ. ಆ ಹರಾಜಿನ ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ. ಬಣ್ಣ ಬಳಿದುಕೊಂಡ ಒಬ್ಬ ಹೆಂಗಸು, ಕೋಟು ಹಾಕಿದ ಒಬ್ಬ ಗಂಡಸು. ಬಾಯಿ ಆಡುವುದು ಹಿಂದಿಯಲ್ಲಿ, ಮಾತು ಬರುವುದು ಕನ್ನಡದಲ್ಲಿ, ಅದೂ ಬಾಯಿ ಮುಚ್ಚಿದ ಮೇಲೆ. "ಓಹ್! ನನಗೆ ನಂಬಲಾಗುತ್ತಿಲ್ಲ! ಈ ಬೆಲೆಗೆ ಕೊಟ್ಟರೆ ನಮ್ಮ ಮಾಲೀಕರು ನನ್ನನ್ನು ಕೆಲಸದಿಂದ ತೆಗೆದುಹಾಕುತ್ತಾರೆ!" ದಿನಾ ತೆಗೆದುಹಾಕುತ್ತಿದ್ದರು, ಮಾರನೆಯ ದಿನ ಅದೇ ಕೋಟಿನಲ್ಲಿ ಮತ್ತೆ ಬರುತ್ತಿದ್ದ. ಮೂಲೆಯಲ್ಲಿ ಬೆಲೆ ಇಳಿಯುತ್ತಾ ಹೋಗುವುದು, ಕೆಳಗೆ ಸೆಕೆಂಡು ಓಡುವುದು, ಹಿಂದೆ ಎಲ್ಲೋ ಫೋನು ಟ್ರಿಣ್ ಟ್ರಿಣ್ ಎನ್ನುವುದು. "ಬೇಗ ಮಾಡಿ! ಹನ್ನೊಂದೇ ಸೆಟ್ ಉಳಿದಿವೆ! ಹತ್ತು… ಒಂಬತ್ತು…" ನಿನ್ನೆಯೂ ಹನ್ನೊಂದು, ಮೊನ್ನೆಯೂ ಹನ್ನೊಂದು.

"ಅಲ್ಲಮ್ಮಾ, ಹಿಂದಿಯಲ್ಲಿ ಯಾವತ್ತೋ ಮುಗಿದ ಹರಾಜಿಗೆ ಕೂತು ಕನ್ನಡದ ಧ್ವನಿ ತುಂಬಿದ್ದಾರೆ. ಈಗ ಹರಾಜು ಆಗ್ತಿರೋದು ಯಾರಿಗೆ?" ಎಂದು ನಾನು ಕೂಗುತ್ತಿದ್ದೆ.

"ಇರ್ಲಿ ಬಿಡ್ರಿ ಅಣ್ಣಾರ, ನೋಡಾಕ ರೊಕ್ಕ ಕೊಡಬೇಕೇನ್ರಿ?" ಎಂದು ಅವಳು ನಗುತ್ತಿದ್ದಳು. ಕಣ್ಣು ಮಾತ್ರ ಪರದೆಯ ಮೇಲಿನ ಒಂದೊಂದು ಸರವನ್ನೂ ಹಿಡಿದಿರುತ್ತಿತ್ತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ರೇಗಿಸುತ್ತಿದ್ದದ್ದು 'ಒನ್ ಗ್ರಾಂ ಗೋಲ್ಡ್' ಎಂಬ ಮಾತು. ಜನ ಅದರಲ್ಲಿ ಒಂದು ಗ್ರಾಂ ಚಿನ್ನವಿದೆ ಎಂದೇ ತಿಳಿದಿದ್ದರು. ತಿಳಿಯಲಿ ಎಂದೇ ಆ ಹೆಸರು. ನಾನು ನಿಕ್ಕಲ್ ಟ್ಯಾಂಕಿನ ಮುಂದೆ ಕೂದಲು ಬೆಳ್ಳಗೆ ಮಾಡಿಕೊಂಡವನು. ಹಿತ್ತಾಳೆಗೆ ಚಿನ್ನದ ನೀರು ಹಾಕಿದರೆ ಎಷ್ಟು ಕೂರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಲೆಗೂದಲನ್ನು ಉದ್ದಕ್ಕೆ ನೂರು ಸೀಳು ಮಾಡಿದರೆ ಒಂದು ಸೀಳಿನ ದಪ್ಪ, ಅಷ್ಟೇ. ಇದನ್ನು ಅವಳಿಗೆ ಎಷ್ಟು ಸಲ ಬಿಡಿಸಿ ಹೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ತಲೆಯಾಡಿಸಿ, ಕೊನೆಗೆ ಅದೇ ಪ್ರಶ್ನೆ ಕೇಳುತ್ತಿದ್ದಳು.

"ಹಂಗಾರ ಬಣ್ಣ ಎಷ್ಟ್ ದಿನ ನಿಲ್ತೈತ್ರಿ ಅಣ್ಣಾರ? ಮೂರು ವರ್ಷ ಬರತೈತೇನ್ರಿ?"

"ಮೂರು ವರ್ಷವಂತೆ! ನೀನು ಒಲೆ ಮುಂದೆ ಕೂತು ಬೆವರೋಳು. ಮೂರು ತಿಂಗಳು ಬಂದ್ರೆ ಹೆಚ್ಚು. ಎಷ್ಟು ಹೇಳಿದ್ರೂ ನಿನ್ನ ತಲೆಗೆ ಹೋಗಲ್ವಲ್ಲ!"

ಅವಳು ಮತ್ತೆ ಟೀವಿಯತ್ತ ತಿರುಗುತ್ತಿದ್ದಳು. ನನ್ನ ಮಾತು ನಾಟಲಿಲ್ಲವೆಂದು ನಾನು ಸಿಡುಕುತ್ತಿದ್ದೆ.

ಒಂದು ದಿನ ಟೀವಿಯಲ್ಲಿ ಅಂಥದೇ ಗುಂಡಿನ ಸರ ಬಂತು. ಅವರೇನೂ ಬೋರಮಾಳ ಎನ್ನಲಿಲ್ಲ, 'ಮಹಾರಾಣಿ ಕಲೆಕ್ಷನ್' ಎಂದರು. "ಅಕ್ಕಾರ, ಲಗೂನ ಫೋನ್ ಹಚ್ರಿ!" ಎಂದು ಅವಳು ಕೂಗಿದ್ದು ನಾನು ಕೈಕಾಲು ತೊಳೆಯುತ್ತಿದ್ದ ಬಚ್ಚಲಿಗೂ ಕೇಳಿಸಿತು. ನನ್ನ ಹೆಂಡತಿ ನಮ್ಮ ಮೊಬೈಲಿನಿಂದಲೇ ಕರೆ ಮಾಡಿದಳು. ವಾರದಲ್ಲಿ ಪಾರ್ಸೆಲ್ ನಮ್ಮ ಮನೆಗೇ ಬಂತು. ನಾನು ಎರಡು ದಿನ ಇಬ್ಬರೊಡನೆಯೂ ಮಾತಾಡಲಿಲ್ಲ. ನಾಲ್ಕು ತಿಂಗಳು ಗಂಟಲು ಹರಿದುಕೊಂಡು ಹೇಳಿದ್ದೆನಲ್ಲ, ನನ್ನ ಕೆಲಸದ ಮಾತಿಗಿಂತ ಆ ಕೋಟಿನವನ ಮಾತು ಹೆಚ್ಚಾಯಿತೇ ಎಂದು.

ಆಮೇಲೆ ಆ ಭಾನುವಾರ…

ಅವಳ ಗಂಡ ಬಂದಿದ್ದ. ಊಟಕ್ಕೆ ಮುಂಚೆ ವಠಾರದ ಗಂಡಸರೆಲ್ಲ ಜಗಲಿಯ ಮೇಲೆ ಕೂತಿದ್ದೆವು. ಬಾಡಿಗೆ ವಸೂಲಿಗೆ ಬಂದ ಗೌಡರೂ ಅಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ನಮ್ಮ ಮನೆ ಬಾಗಿಲು ತೆರೆದಿತ್ತು, ಒಳಗೆ ಟೀವಿ ಹರಾಜು ಕೂಗುತ್ತಿತ್ತು. ರೊಟ್ಟಿ ಅಕ್ಕ ಬುಟ್ಟಿ ಹಿಡಿದು ಹೊರಗೆ ಬಂದಳು. ಕೊರಳಲ್ಲಿ ಸರ ಬಿಸಿಲಿಗೆ ಹೊಳೆಯಿತು. ಗಂಡ ಒಳಗಿನ ಟೀವಿಯತ್ತ ಕೈ ತೋರಿಸಿ, "ಅದೇನು ಬಂಗಾರ್ರೀ? ನಮ್ಮಾಕಿ ಕೊಳ್ಳಾಗಿಂದು ನೋಡ್ರಿ, ನಮ್ಮವ್ವಂದು. ಹಳೇ ಕಾಲದ್ದು, ಈಗ ಅಂಥಾದ್ದು ಎಲ್ಲಿ ಸಿಗತೈತ್ರಿ" ಎಂದ. ಹೆಮ್ಮೆಯಿಂದಲೇ ಹೇಳಿದ್ದು, ಪಾಪ.

ನನ್ನ ಬಾಯಿ ನಿಲ್ಲಲಿಲ್ಲ. "ಯಾರ ಅವ್ವಂದು ಮಾರಾಯಾ? ಇದೂ ಅದೇ ಟೀವಿ ಮಾಲು. ನಮ್ಮನೆಗೇ ಬಂತಲ್ಲ ಪಾರ್ಸೆಲ್ಲು!"

ರೊಟ್ಟಿ ಅಕ್ಕ ಮೊದಲು ನಕ್ಕಳು. "ಅಣ್ಣಾರು ಚ್ಯಾಷ್ಟಿ ಮಾಡ್ತಾರ. ಅವರಿಗೆ ಕನಸಿನ್ಯಾಗೂ ಟೀವಿನ ಬರತೈತಿ."

ಎಲ್ಲರೂ ಗೊಳ್ಳೆಂದರು. ಗೌಡರು ತೊಡೆ ತಟ್ಟಿಕೊಂಡು, "ಅಂಗೇಳವ್ವಾ! ಈ ವಯ್ಯ ಟೀವಿ ಮುಂದೆ ಕೂಗಾಡದು ನಮ್ಮನೆಗಂಟ ಕೇಳ್ತದೆ" ಎಂದರು.

ಇಲ್ಲೇ ನಾನು ಹೇಳಬೇಕಾದದ್ದು ಇರುವುದು. ನಗುತ್ತಲೇ ಅವಳು ನನ್ನನ್ನು ನೋಡಿದಳು. ತುಟಿ ನಗುತ್ತಿತ್ತು, ಕಣ್ಣು ಬೇಡ ಎನ್ನುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ರೀ, ಊಟಕ್ಕೆ ಬನ್ನಿ" ಎಂದಳು. ಅನ್ನಕ್ಕೆ ಇನ್ನೂ ಅಕ್ಕಿ ಹಾಕಿರಲಿಲ್ಲ, ನನಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ಅರ್ಧವಾದರೂ ಅರ್ಥವಾಗಿತ್ತು ನನಗೆ. ಇಷ್ಟು ವರ್ಷ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಗೊತ್ತಾಗಿತ್ತು. "ಹೂಂ, ತಮಾಷೆಗೆ ಅಂದೆ" ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆದರೆ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದರು.

ಪ್ಲೇಟಿಂಗ್ ಕೆಲಸದಲ್ಲಿ ಹನಿ ಪರೀಕ್ಷೆ ಎಂದು ಒಂದಿದೆ. ಲೇಪನ ಎಷ್ಟು ದಪ್ಪ ಕೂತಿದೆ ಎಂದು ನೋಡಲು ಮೇಲೆ ಒಂದು ಹನಿ ಆಸಿಡ್ ಬಿಟ್ಟು, ಅಡಿಯ ಲೋಹ ನೊರೆಯೇಳುವ ತನಕ ಎಣಿಸುವುದು. ಆ ಪುಟ್ಟ ಬಾಟಲಿ ನನ್ನ ಕೆಲಸದ ಚೀಲದಲ್ಲೇ ಇರುತ್ತಿತ್ತು. ಒಳಗೆ ಹೋಗಿ ತಂದೆ.

"ಕೊಡಮ್ಮ ಇಲ್ಲಿ. ಚಿನ್ನವಾದ್ರೆ ನಾಳೆವರೆಗೆ ಎಣಿಸಿದ್ರೂ ಏನೂ ಆಗಲ್ಲ. ಹಿತ್ತಾಳೆಯಾದ್ರೆ ಹತ್ತು ಎಣಿಸೋದ್ರೊಳಗೆ ಹಸಿರು ನೊರೆ ಬರುತ್ತೆ. ಬನ್ನಿ ಎಲ್ಲ, ಹತ್ತಿರ ಬನ್ನಿ, ನೋಡಿ!"

ಅವಳು ಕೈಯಿಂದ ಸರವನ್ನು ಮುಚ್ಚಿಕೊಂಡಳು. "ಕೊಡು, ಚಿನ್ನ ಇದ್ರ ನಿನಗ್ಯಾಕ ಅಂಜಿಕಿ" ಎಂದು ಗಂಡನೇ ಬಿಚ್ಚಿಸಿ ಕೊಟ್ಟ. ಸ್ಟೀಲ್ ತಟ್ಟೆಯ ಮೇಲೆ ಇಟ್ಟು ಒಂದು ಗುಂಡಿನ ಮೇಲೆ ಹನಿ ಬಿಟ್ಟೆ. ಗಟ್ಟಿಯಾಗಿ ಎಣಿಸತೊಡಗಿದೆ. ಒಂದು… ಎರಡು… ಗೌಡರೂ ದನಿಗೂಡಿಸಿದರು. ಒಳಗೆ ಟೀವಿಯವನೂ ಎಣಿಸುತ್ತಿದ್ದ. ನಾಲ್ಕಕ್ಕೇ ಹಸಿರು ನೊರೆ ಉಕ್ಕಿತು.

"ಭಲೇ!" ಎಂದರು ಗೌಡರು. ಯಾರೋ ಚಪ್ಪಾಳೆ ತಟ್ಟಿದರು. ನಾನು ತಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಸುತ್ತ ತಿರುಗಿಸಿ ತೋರಿಸಿದೆ.

ಅವಳ ಗಂಡ ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಆ ನೊರೆಯನ್ನೇ ನೋಡುತ್ತಾ, ಮೆಲ್ಲಗೆ, "ಹಂಗಾರ ನಮ್ಮವ್ವಂದು ಎಲ್ಲೈತಿ?" ಎಂದು ಕೇಳಿದ.

ಅವಳು ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಬಾಗಿಲಲ್ಲಿ ಮಗಳು ನಿಂತಿದ್ದಳು. ತೊಳೆದ ಬಿಳಿ ಯೂನಿಫಾರ್ಮು ತಂತಿಯ ಮೇಲೆ ಒಣಗುತ್ತಿತ್ತು.

ಗುರುವಾರ ಟೆಂಪೋ ಬಂತು. ಎರಡು ಟ್ರಂಕು, ಹಾಸಿಗೆ, ರೊಟ್ಟಿಯ ಹಂಚು. ಮಗಳ ಓದು ಅಲ್ಲಿಗೆ ನಿಂತಿತು, ಊರಿಗೆ ಕರೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಹತ್ತಿದ ಮೇಲೆ ಅವಳು ಇಳಿದು ನಮ್ಮ ಬಾಗಿಲಿಗೆ ಬಂದಳು. ನನ್ನ ಹೆಂಡತಿಯ ಕೈ ಹಿಡಿದುಕೊಂಡಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ನಾನು ಹನಿ ಬಿಟ್ಟಿದ್ದ ಈ ಗುಂಡನ್ನು ನನ್ನ ಅಂಗೈಗೆ ಹಾಕಿದಳು.

"ನೀವು ಹೇಳಿದ್ದು ಖರೇನ ಐತ್ರಿ ಅಣ್ಣಾರ" ಎಂದಳು. "ಆದರ ನಿಮ್ಮನ್ನ ಕೇಳಿದ್ದು ಯಾರ್ರೀ?"

ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು. ಹಾಗೇ ಹೋಗಿ ಹತ್ತಿದಳು. ಟೆಂಪೋ ಹೋಯಿತು.

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬಂತೇ? ಇಲ್ಲ. ಶೆಡ್ಡಿನಲ್ಲಿ, ಟೀ ಅಂಗಡಿಯಲ್ಲಿ, ನೆಂಟರ ಮನೆಯ ಗೃಹಪ್ರವೇಶದಲ್ಲಿ, ಟೀವಿಯವರ ಬಣ್ಣ ಬಯಲು ಮಾಡಿದ ಕಥೆಯನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ. ನಾಲ್ಕಕ್ಕೆ ನೊರೆ ಬಂತು ಎನ್ನುವಲ್ಲಿಗೆ ನಿಲ್ಲಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವಳ ಗಂಡ ಏನು ಕೇಳಿದ ಎನ್ನುವುದನ್ನು ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿ ಎದುರಿಗಿದ್ದರೆ ಕಥೆಯ ನಡುವೆ ಎದ್ದು ಹೋಗುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷವಾಯಿತು. ಕಥೆ ಹೇಳುವುದನ್ನು ನಾನು ಬಿಟ್ಟದ್ದು ಅವಳು ಹೋದ ಮೇಲೆ, ಎದ್ದು ಹೋಗುವವರು ಯಾರೂ ಇಲ್ಲದಾಗ.

ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆಗೆ ಹೋದಾಗ ಸೂಜಿ ಚುಚ್ಚುವ ಹುಡುಗಿಯನ್ನು "ಯಾವೂರಮ್ಮ?" ಎಂದು ಕೇಳುವುದು ಅಭ್ಯಾಸವಾಗಿದೆ. ಹಾಸನ ಎನ್ನುತ್ತಾರೆ, ಕೇರಳ ಎನ್ನುತ್ತಾರೆ. ರಾಯಚೂರು ಎಂದವರು ಇನ್ನೂ ಸಿಕ್ಕಿಲ್ಲ.

ಮೊನ್ನೆ ಗುಂಡು ಸಿಕ್ಕ ಮಾರನೆಯ ದಿನ ಅದನ್ನು ಜೇಬಿಗೆ ಹಾಕಿಕೊಂಡು ಪೀಣ್ಯಕ್ಕೆ ಹೋದೆ. ನಮ್ಮ ಹಳೆಯ ಶೆಡ್ಡು ಈಗ ಗೋದಾಮು. ಅದೇ ಸಾಲಿನಲ್ಲಿ ಮೂರು ಶೆಡ್ ಆಚೆ ಕೈಗಡಿಯಾರದ ಕೇಸಿಗೆ ಚಿನ್ನದ ನೀರು ಹಾಕುವ ಘಟಕ ಆಗಲೂ ಇತ್ತು, ಈಗಲೂ ಇದೆ. ಅಲ್ಲಿನವನ ಪರಿಚಯ ನನಗಿರಲಿಲ್ಲ. ಗುಂಡನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಕಿಲುಬು ಉಜ್ಜಿ ತೆಗೆದು ನೀರು ಹಾಕ್ಕೊಡ್ತೀನಿ ಸಾರ್, ಒಂದೇನಾ?" ಎಂದ.

"ಒಂದೇ. ಬಣ್ಣ ಮೂರು ವರ್ಷ ನಿಲ್ಲುತ್ತಾ?" ಎಂದು ಕೇಳಿದೆ. ಕೇಳಿದ ಮೇಲೆ, ಈ ಪ್ರಶ್ನೆ ಯಾರದೆಂದು ಹೊಳೆಯಿತು.

"ಬೆವರು ತಾಗಿದ್ರೆ ಅಷ್ಟು ದಿನ ನಿಲ್ಲಲ್ಲ ಸಾರ್" ಎಂದ ಅವನು, ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆಯೇ. "ಹೋದ್ರೆ ತಂದ್ಕೊಡಿ, ಮತ್ತೆ ಅದ್ದಿ ಕೊಡೋಣ. ಅದೇನ್ ಮಹಾ."